ಬಿಲ್ಡ್ ಮುರಿದಾಗ ಕೇಳಬೇಕಾದ ಮೊದಲ ಪ್ರಶ್ನೆ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರು ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ಹೊರದೇಶದ ತನ್ನ ಕೇಂದ್ರಗಳೊಡನೆ ಕೆಲಸ ಹಂಚಿಕೊಳ್ಳತೊಡಗಿದಾಗ, ನಗರದ ಪೂರ್ವ ಭಾಗಕ್ಕೆ ಒಂದು ಹೊಸ ಬಗೆಯ ದುಡಿಮೆ ಬಂದಿತು: ಇಲ್ಲಿ ಕುಳಿತು ಬರೆದದ್ದು ಬೇರೆಲ್ಲೋ ಇರುವ, ಬರೆದವರು ಕಣ್ಣಾರೆ ಕಾಣದ ಯಂತ್ರದ ಮೇಲೆ ಓಡಬೇಕಾದ ದುಡಿಮೆ. ಅದೇ ಕಂಪನಿ ಇಂದು ಸಿ.ವಿ. ರಾಮನ್ ನಗರದ ಬಾಗಮನೆ ಟೆಕ್ ಪಾರ್ಕ್‌ನಲ್ಲಿದೆ. ಹಲಸೂರಿನಿಂದ ಇಂದಿರಾನಗರದ ಅಂಚನ್ನು ಹಾದು ಕೆ.ಆರ್. ಪುರದತ್ತ ಸಾಗುವ ಹಳೆ ಮದ್ರಾಸು ರಸ್ತೆಯ ಮೇಲೆ ಬೈಯಪ್ಪನಹಳ್ಳಿಯಲ್ಲಿ ಗಣಕ ಸಂಶೋಧನೆಯ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರವಿದೆ. ಅದೇ ದಾರಿಯ ಕೊನೆಗೆ ದೂರವಾಣಿನಗರದಲ್ಲಿ 1948ರಲ್ಲಿ ಹುಟ್ಟಿದ, ದೂರವಾಣಿ ಸಲಕರಣೆಗಳ ಐಟಿಐ ಕಾರ್ಖಾನೆ, ಮಧ್ಯದಲ್ಲಿ ಮನೆಗಳ ಮಹಡಿಗಳನ್ನೇ ಕಚೇರಿ ಮಾಡಿಕೊಂಡ ಅನೇಕ ಸಣ್ಣ ತಂತ್ರಾಂಶ ಕಂಪನಿಗಳು ಇವೆ. ಬರೆಯುವ ಯಂತ್ರ ಒಂದು, ಓಡಿಸುವ ಯಂತ್ರ ಮತ್ತೊಂದು ಎಂಬ ಸ್ಥಿತಿ ಈ ಎಲ್ಲ ಕಡೆಯೂ ಹಾಗೆಯೇ ಉಳಿದಿದ್ದು, ಅಲ್ಲಿನ ಕೆಲಸಗಾರರ ದಿನದ ಎಷ್ಟೋ ಗಂಟೆಗಳನ್ನು ನುಂಗುವ ಒಂದು ತೊಡಕಿನ ಬೇರು ಅದರಲ್ಲಿಯೇ ಇದೆ.

ಆ ತೊಡಕನ್ನು ತಿಳಿಯಲು ಬಿಲ್ಡ್ ಎಂದರೇನು ಎಂಬುದನ್ನು ಮೊದಲು ನೋಡಬೇಕು. ಪ್ರೋಗ್ರಾಮರ್ ಬರೆದ ಸೋರ್ಸ್ ಕೋಡನ್ನು ಕಂಪೈಲರ್ ಎಂಬ ಅನುವಾದಕ ತಂತ್ರಾಂಶದಿಂದ ಯಂತ್ರದ ಸೂಚನೆಗಳಾಗಿ ಪರಿವರ್ತಿಸಿ, ಬೇಕಾದ ಲೈಬ್ರರಿಗಳನ್ನು ಜೋಡಿಸಿ, ಪರೀಕ್ಷೆಗಳನ್ನು ನಡೆಸಿ, ಕೊನೆಗೆ ಬಳಕೆದಾರರಿಗೆ ಕೊಡಬಹುದಾದ ಕಡತವೊಂದನ್ನು ಕಟ್ಟಿ ನಿಲ್ಲಿಸುವ ಇಡೀ ಸರಣಿಗೆ ಬಿಲ್ಡ್ ಎಂದು ಹೆಸರು. ಈ ಹತ್ತಾರು ಹೆಜ್ಜೆಗಳನ್ನು ಪ್ರತಿ ಸಲ ಕೈಯಾರೆ ಟೈಪ್ ಮಾಡುವುದು ಸಾಧ್ಯವಿಲ್ಲದ್ದರಿಂದ, ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ‘ಮೇಕ್’ ಎಂಬ ಸಲಕರಣೆಯನ್ನು ರಚಿಸಿದರು. ಯಾವ ಕಡತ ಯಾವುದರ ಮೇಲೆ ಅವಲಂಬಿತವಾಗಿದೆ ಎಂಬುದನ್ನು ಬರೆದಿಟ್ಟರೆ, ಬದಲಾದದ್ದನ್ನು ಮಾತ್ರ ಅದು ಮತ್ತೆ ಕಟ್ಟುತ್ತದೆ. ಆದರೆ ಮೇಕ್ ತಾನಾಗಿ ಯಾವ ಆದೇಶವನ್ನೂ ನಡೆಸುವುದಿಲ್ಲ; ಬರೆದಿಟ್ಟ ಸಾಲುಗಳನ್ನು ಶೆಲ್‌ಗೆ ಒಪ್ಪಿಸುತ್ತದೆ. ಶೆಲ್ ಎಂದರೆ ಬಳಕೆದಾರ ಟೈಪ್ ಮಾಡಿದ, ಇಲ್ಲವೇ ಕಡತದಲ್ಲಿ ಬರೆದಿಟ್ಟ ಆದೇಶಗಳನ್ನು ಓದಿ, ಅರ್ಥಮಾಡಿಕೊಂಡು, ಕಾರ್ಯಾಚರಣ ವ್ಯವಸ್ಥೆಯಿಂದ ಕೆಲಸ ಮಾಡಿಸುವ ಪ್ರೋಗ್ರಾಂ. ಹಾಗೆ ಬರೆದಿಟ್ಟ ಆದೇಶಗಳ ಕಡತವೇ ಸ್ಕ್ರಿಪ್ಟ್. ಇಂದು ಬಳಕೆಯಲ್ಲಿರುವ ಬಿಲ್ಡ್ ಸಲಕರಣೆಗಳು ಎಷ್ಟೇ ಹೊಸವಾಗಿರಲಿ, ಅವುಗಳ ತಳದಲ್ಲಿ ಬಹುಪಾಲು ಒಂದಲ್ಲ ಒಂದು ಶೆಲ್ ಕೂತಿರುತ್ತದೆ.

ಶೆಲ್ ಒಂದೇ ಅಲ್ಲ. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊದಲ ಶೆಲ್ಲನ್ನು 1971ರಲ್ಲಿ ಕೆನ್ ಥಾಂಪ್ಸನ್ ಬರೆದರು. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನೊಂದಿಗೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್ ಮುಂದಿನ ಹೆಚ್ಚಿನವಕ್ಕೆ ವ್ಯಾಕರಣ ಹಾಕಿಕೊಟ್ಟಿತು. ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಅವರ ಸಿ-ಶೆಲ್, ಬೆಲ್ ಲ್ಯಾಬ್ಸ್‌ನಲ್ಲಿ ಡೇವಿಡ್ ಕಾರ್ನ್ ಅವರ ಕಾರ್ನ್ ಶೆಲ್, 1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬ್ಯಾಶ್, 1990ರಲ್ಲಿ ಪಾಲ್ ಫಾಲ್‌ಸ್ಟಡ್ ಅವರ ಜೆಡ್-ಶೆಲ್ ಒಂದರ ಬೆನ್ನಿಗೆ ಒಂದು ಬಂದವು. ಇವುಗಳಲ್ಲಿ ಹೆಚ್ಚಿನವು ಬೋರ್ನ್ ಶೆಲ್ಲಿನ ವ್ಯಾಕರಣವನ್ನು ಒಪ್ಪಿಕೊಂಡು, ಅದರ ಮೇಲೆ ತಮ್ಮ ಅನುಕೂಲಗಳನ್ನು ಸೇರಿಸಿದವು. ಅವುಗಳಿಗೆ ಸಾಮಾನ್ಯವಾದ ಭಾಗವನ್ನು ಗೆರೆ ಹಾಕಿ ಹೇಳುವ ಕೆಲಸವನ್ನು 1992ರಲ್ಲಿ ಪೋಸಿಕ್ಸ್ ಎಂಬ ಮಾನಕ ಮಾಡಿತು. ವಿಂಡೋಸ್‌ನ ಪರಂಪರೆ ಪೂರ್ತಿ ಬೇರೆ: ಡಾಸ್ ಕಾಲದ ಬ್ಯಾಚ್ ಕಡತಗಳನ್ನು ಓದುವ ಸಿಎಂಡಿ ಒಂದು ಕಡೆ, 2006ರಲ್ಲಿ ಬಿಡುಗಡೆಯಾದ, ಅಕ್ಷರಗಳ ಬದಲು ವಸ್ತುಗಳನ್ನೇ ಒಂದು ಆದೇಶದಿಂದ ಮುಂದಿನ ಆದೇಶಕ್ಕೆ ದಾಟಿಸುವ ಪವರ್‌ಶೆಲ್ ಇನ್ನೊಂದು ಕಡೆ.

ಇಂದಿರಾನಗರದ ಸಾಧಾರಣ ತಂಡವೊಂದರಲ್ಲಿ ಒಬ್ಬರು ಆಪಲ್ ಲ್ಯಾಪ್‌ಟಾಪ್‌ನಲ್ಲಿ ಜೆಡ್-ಶೆಲ್ ಬಳಸುತ್ತಾರೆ, ಮತ್ತೊಬ್ಬರಿಗೆ ಕಚೇರಿ ಕೊಟ್ಟ ವಿಂಡೋಸ್ ಯಂತ್ರದಲ್ಲಿ ಪವರ್‌ಶೆಲ್ ಇರುತ್ತದೆ, ನಿಜವಾದ ಬಿಲ್ಡ್ ಮಾತ್ರ ದೂರದ ಲಿನಕ್ಸ್ ಸರ್ವರಿನಲ್ಲಿ ಮತ್ತಾವುದೋ ಶೆಲ್ಲಿನ ಕೈಯಲ್ಲಿ ನಡೆಯುತ್ತದೆ. ಆದುದರಿಂದ ಬಿಲ್ಡ್ ಮುರಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಕೋಡಿನಲ್ಲಿ ಏನು ತಪ್ಪಿದೆ’ ಎಂಬುದಲ್ಲ, ‘ಈ ಸಾಲನ್ನು ಈಗ ಓದುತ್ತಿರುವ ಶೆಲ್ ಯಾವುದು’ ಎಂಬುದು. ಈ ಪ್ರಶ್ನೆ ಸರಳವಾಗಿ ಕಂಡರೂ ಅದನ್ನು ಕೇಳದೆ ಕಂಪೈಲರನ್ನೂ ಲೈಬ್ರರಿಗಳನ್ನೂ ಶಂಕಿಸುತ್ತ ಇಡೀ ಮಧ್ಯಾಹ್ನ ಕಳೆಯುವುದು ತೀರ ಸಾಮಾನ್ಯ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಲಿನಕ್ಸ್‌ನ ಒಳಗೇ ಇದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ‘/ಬಿನ್/ಎಸ್‌ಎಚ್’ ಎಂಬುದು ಸಾಮಾನ್ಯ ಶೆಲ್ಲಿನ ವಿಳಾಸ. ಆ ವಿಳಾಸದಲ್ಲಿ ಯಾರು ವಾಸವಾಗಿರುತ್ತಾರೆ ಎಂಬುದು ಮಾತ್ರ ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಲಿನಕ್ಸ್ ವಿತರಣೆಗಳಾದ ಫೆಡೋರಾ ಮತ್ತು ರೆಡ್ ಹ್ಯಾಟ್‌ಗಳಲ್ಲಿ ಅದು ಬ್ಯಾಶ್. ಉಬುಂಟು 2006ರ ಅಕ್ಟೋಬರಿನ 6.10 ಆವೃತ್ತಿಯಲ್ಲಿ, ಯಂತ್ರ ಬೇಗ ಆರಂಭವಾಗಲೆಂದು, ಆ ಜಾಗಕ್ಕೆ ಡ್ಯಾಶ್ ಎಂಬ ಚಿಕ್ಕ, ಚುರುಕಾದ ಶೆಲ್ಲನ್ನು ತಂದಿತು. ಡೆಬಿಯನ್ 2011ರ ಆವೃತ್ತಿಯಲ್ಲಿ ಅದನ್ನೇ ಅನುಸರಿಸಿತು. ಕಂಟೇನರ್‌ಗಳಲ್ಲಿ, ಎಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಪರಿಸರವನ್ನು ಒಟ್ಟಿಗೆ ಕಟ್ಟಿಡುವ ಪೊಟ್ಟಣಗಳಲ್ಲಿ, ಹೆಚ್ಚಾಗಿ ಬಳಕೆಯಾಗುವ ಆಲ್ಪೈನ್ ಲಿನಕ್ಸ್‌ನಲ್ಲಿ ಬಿಸಿಬಾಕ್ಸ್ ಎಂಬ ಸಲಕರಣೆಯ ಶೆಲ್ ಇರುತ್ತದೆ, ಬ್ಯಾಶ್ ಮೊದಲಿಗೆ ಇರುವುದೇ ಇಲ್ಲ. ಮೇಕ್ ಸಲಕರಣೆಯಾದರೋ ಬಳಕೆದಾರರ ಇಷ್ಟದ ಶೆಲ್ ಯಾವುದೆಂದು ಕೇಳದೆ, ಬೇರೆ ಹೇಳದ ಹೊರತು, ಪ್ರತಿ ಸಾಲನ್ನೂ ‘/ಬಿನ್/ಎಸ್‌ಎಚ್’ಗೇ ಒಪ್ಪಿಸುತ್ತದೆ. ಟರ್ಮಿನಲ್ಲಿನಲ್ಲಿ ಟೈಪ್ ಮಾಡಿದಾಗ ನಡೆಯುವ ಆದೇಶ ಮೇಕ್ ಓದುವ ಕಡತವಾದ ಮೇಕ್‌ಫೈಲಿಗೆ ಹೋದಾಗ ನಡೆಯದಿರುವುದಕ್ಕೆ ಬಹಳ ಸಲ ಇದೊಂದೇ ಕಾರಣ.

ಬ್ಯಾಶ್‌ಗೆ ಮಾತ್ರ ತಿಳಿದ ಬರವಣಿಗೆಯನ್ನು ಡ್ಯಾಶ್ ಓದಿದಾಗ ಆಗುವುದು ಬರೀ ದೋಷ ಸಂದೇಶವಾಗಿದ್ದರೆ ಚಿಂತೆಯಿರಲಿಲ್ಲ. ಸರಣಿ ಎಂಬ, ಹಲವು ಮೌಲ್ಯಗಳನ್ನು ಒಟ್ಟಿಗೆ ಹಿಡಿದಿಡುವ ರಚನೆ ಕಂಡರೆ ಡ್ಯಾಶ್ ಕೂಡಲೇ ಆವರಣ ಚಿಹ್ನೆಯ ಬಳಿ ವ್ಯಾಕರಣ ದೋಷವೆಂದು ಹೇಳಿ ನಿಲ್ಲುತ್ತದೆ. ಅದು ಒಳ್ಳೆಯ ಬಗೆಯ ಸೋಲು. ಆದರೆ ಷರತ್ತು ಪರೀಕ್ಷಿಸುವ ಜೋಡಿ ಆವರಣ ‘[[’ ಡ್ಯಾಶ್‌ಗೆ ವ್ಯಾಕರಣದ ಭಾಗವೇ ಅಲ್ಲ, ಅದನ್ನು ಒಂದು ಆದೇಶದ ಹೆಸರೆಂದು ತಿಳಿದು ಹುಡುಕಿ, ಸಿಗಲಿಲ್ಲವೆಂದು ಒಂದು ಸಾಲು ಗೊಣಗಿ, ಷರತ್ತು ಸುಳ್ಳೆಂದು ಬಗೆದು ‘ಇಲ್ಲವಾದರೆ’ ಎಂಬ ಕವಲಿಗೆ ಹೊರಟುಬಿಡುತ್ತದೆ. ಬಿಡುಗಡೆಗೆಂದು ಕಟ್ಟಬೇಕಾಗಿದ್ದ ಪೊಟ್ಟಣ ಪರೀಕ್ಷೆಯ ಆವೃತ್ತಿಯಾಗಿ ಹೊರಬರುತ್ತದೆ, ಬಿಲ್ಡ್ ಮಾತ್ರ ಯಶಸ್ವಿ ಎಂದೇ ದಾಖಲಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ‘&>’ ಚಿಹ್ನೆ. ಬ್ಯಾಶ್ ಅದನ್ನು ‘ಈ ಆದೇಶದ ಎಲ್ಲ ಹೊರಹರಿವನ್ನೂ ಕಡತಕ್ಕೆ ಬರೆ’ ಎಂದು ಓದಿದರೆ, ಡ್ಯಾಶ್ ಎರಡಾಗಿ ಒಡೆದು, ‘ಆದೇಶವನ್ನು ಹಿನ್ನೆಲೆಯಲ್ಲಿ ಓಡಲು ಬಿಡು, ಆಮೇಲೆ ಕಡತವನ್ನು ಖಾಲಿ ಮಾಡು’ ಎಂದು ಓದುತ್ತದೆ. ಆಗ ಕಂಪೈಲ್ ಮುಗಿಯುವ ಮೊದಲೇ ಮುಂದಿನ ಹೆಜ್ಜೆ ಆರಂಭವಾಗುತ್ತದೆ. ವೇಗದ ಯಂತ್ರದಲ್ಲಿ ಒಮ್ಮೊಮ್ಮೆ ಎಲ್ಲವೂ ಸರಿಯಾಗಿ, ಒಮ್ಮೊಮ್ಮೆ ಕೆಟ್ಟು, ದೋಷವು ಹವೆಯಂತೆ ಬಂದು ಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ಸೋಲುವ ಬಿಲ್ಡ್‌ಗೆ ನೆಟ್‌ವರ್ಕನ್ನು ದೂರುವ ಮೊದಲು ಸ್ಕ್ರಿಪ್ಟಿನಲ್ಲಿ ಈ ಎರಡಕ್ಷರದ ಚಿಹ್ನೆ ಇದೆಯೇ ಎಂದು ಹುಡುಕುವುದು ವಿವೇಕ.

ಆಪಲ್ ಯಂತ್ರಗಳಲ್ಲಿ ತೊಡಕಿನ ಸ್ವರೂಪ ಬೇರೆ. ಬ್ಯಾಶ್‌ನ ಪರವಾನಗಿಯ ನಿಯಮಗಳು ಬದಲಾದ ಬಳಿಕ ಆಪಲ್ 3.2 ಆವೃತ್ತಿಯಲ್ಲೇ ನಿಂತುಬಿಟ್ಟಿತು, 2019ರ ಕ್ಯಾಟಲೀನಾ ಎಂಬ ಮ್ಯಾಕ್ ವ್ಯವಸ್ಥೆಯ ಆವೃತ್ತಿಯಿಂದ ಜೆಡ್-ಶೆಲ್ಲನ್ನು ಮೊದಲಾಯ್ಕೆ ಮಾಡಿತು. ಆದುದರಿಂದ 2009ರ ನಾಲ್ಕನೆಯ ಆವೃತ್ತಿಯಲ್ಲಿ ಬ್ಯಾಶ್‌ಗೆ ಬಂದ ಹೆಸರಿನಿಂದ ಹುಡುಕಬಹುದಾದ ಸರಣಿಗಳು ಅಲ್ಲಿನ ಮೂಲ ಬ್ಯಾಶ್‌ನಲ್ಲಿ ಇಲ್ಲ. ಜೆಡ್-ಶೆಲ್ಲಿನಲ್ಲಿ ಸರಣಿಯ ಎಣಿಕೆ ಸೊನ್ನೆಯ ಬದಲು ಒಂದರಿಂದ ಆರಂಭವಾಗುತ್ತದೆ. ಉಲ್ಲೇಖ ಚಿಹ್ನೆಯಿಲ್ಲದ ಚರವನ್ನು, ಎಂದರೆ ಮೌಲ್ಯ ಹಿಡಿದಿಡುವ ಹೆಸರನ್ನು, ಬ್ಯಾಶ್ ಖಾಲಿ ಜಾಗಗಳ ಬಳಿ ತುಂಡರಿಸಿದರೆ ಜೆಡ್-ಶೆಲ್ ಇಡಿಯಾಗಿ ಉಳಿಸುತ್ತದೆ. ಶೆಲ್ ಒಂದೇ ಆಗಿದ್ದರೂ ಅದು ಕರೆಯುವ ಸಣ್ಣ ಸಲಕರಣೆಗಳು ಬೇರೆಯಾಗಿರುವುದುಂಟು: ಕಡತದಲ್ಲಿ ಪದಗಳನ್ನು ಬದಲಿಸುವ ‘ಸೆಡ್’ ಆದೇಶಕ್ಕೆ ‘ಕಡತವನ್ನು ಅಲ್ಲೇ ತಿದ್ದು’ ಎಂಬ ‘-ಐ’ ಆಯ್ಕೆ ಕೊಟ್ಟಾಗ, ಲಿನಕ್ಸ್‌ನ ಸೆಡ್ ಅಷ್ಟಕ್ಕೇ ತೃಪ್ತವಾಗುತ್ತದೆ, ಆಪಲ್‌ನದು ಹಳೆಯ ಪ್ರತಿಯ ಹೆಸರಿನ ಬಾಲವೊಂದನ್ನು ಕಡ್ಡಾಯವಾಗಿ ಕೇಳಿ, ಅದು ಸಿಗದಾಗ ಮುಂದಿನ ಪದವನ್ನೇ ಬಾಲವೆಂದು ನುಂಗುತ್ತದೆ.

ವಿಂಡೋಸ್‌ನಲ್ಲಿ ಮೂರು ಓದುಗರು ಒಂದೇ ಮನೆಯಲ್ಲಿರುತ್ತಾರೆ: ಸಿಎಂಡಿ, ಪವರ್‌ಶೆಲ್, ಮತ್ತು ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಸಲಕರಣೆಯ ಜೊತೆ ಬರುವ ಬ್ಯಾಶ್. ಒಂದೇ ಚರವನ್ನು ಸಿಎಂಡಿ ಎರಡು ‘%’ ಚಿಹ್ನೆಗಳ ನಡುವೆ ನಿರೀಕ್ಷಿಸುತ್ತದೆ, ಬ್ಯಾಶ್ ‘$’ ಚಿಹ್ನೆಯೊಂದಿಗೆ, ಪವರ್‌ಶೆಲ್ ‘$’ ಚಿಹ್ನೆಗೆ ಪರಿಸರದ ಹೆಸರನ್ನೂ ಸೇರಿಸಿ. ಸಿಎಂಡಿಗೆ ಒಂಟಿ ಉಲ್ಲೇಖ ಚಿಹ್ನೆ ವಿಶೇಷವೇ ಅಲ್ಲ, ಬರಿ ಒಂದು ಅಕ್ಷರ. ಜಾವಾಸ್ಕ್ರಿಪ್ಟ್ ಯೋಜನೆಗಳ ಎನ್‌ಪಿಎಂ ಸಲಕರಣೆ ಲಿನಕ್ಸ್‌ನಲ್ಲಿ ‘/ಬಿನ್/ಎಸ್‌ಎಚ್’ ಮೂಲಕವೂ ವಿಂಡೋಸ್‌ನಲ್ಲಿ ಸಿಎಂಡಿ ಮೂಲಕವೂ ಆದೇಶ ನಡೆಸುವುದರಿಂದ, ಒಂಟಿ ಚಿಹ್ನೆಯಲ್ಲಿ ಬರೆದ ಸಾಲು ಒಬ್ಬರಲ್ಲಿ ನಡೆದು ಮತ್ತೊಬ್ಬರಲ್ಲಿ ಮುರಿಯುತ್ತದೆ. ಒಂದು ಬ್ಯಾಚ್ ಕಡತದಿಂದ ಇನ್ನೊಂದನ್ನು ‘ಕಾಲ್’ ಎಂಬ ಪದವಿಲ್ಲದೆ ಕರೆದರೆ ನಿಯಂತ್ರಣ ಮರಳಿ ಬರುವುದಿಲ್ಲ. ಉಳಿದ ಹೆಜ್ಜೆಗಳು ದೋಷ ಸಂದೇಶವೂ ಇಲ್ಲದೆ ಬಿಟ್ಟುಹೋಗುತ್ತವೆ. ಒಂದು ಆದೇಶದ ಸಾಲು 8191 ಅಕ್ಷರಗಳನ್ನು ಮೀರುವಂತಿಲ್ಲ ಎಂಬ ಸಿಎಂಡಿಯ ಮಿತಿ, ಯೋಜನೆ ಬೆಳೆದು ಕಡತಗಳ ಪಟ್ಟಿ ಉದ್ದವಾದ ದಿನ ಥಟ್ಟನೆ ಎದುರಾಗುತ್ತದೆ. ಹಳೆಯ 5.1 ಆವೃತ್ತಿಯ ಪವರ್‌ಶೆಲ್‌ಗೆ ‘ಇದು ಗೆದ್ದರೆ ಮಾತ್ರ ಅದು’ ಎಂಬ ‘&&’ ಜೋಡಣೆ ತಿಳಿಯದು, 2020ರ ಏಳನೆಯ ಆವೃತ್ತಿಗೆ ತಿಳಿಯುತ್ತದೆ; ಹಳೆಯದರಲ್ಲಿ ‘ಕರ್ಲ್’ ಎಂದರೆ ಎಲ್ಲರೂ ಬಲ್ಲ ಡೌನ್‌ಲೋಡ್ ಸಲಕರಣೆಯಲ್ಲ, ಪವರ್‌ಶೆಲ್‌ನದೇ ಬೇರೊಂದು ಆದೇಶದ ಅಡ್ಡಹೆಸರು. ಇನ್ನು ಮೇಕ್‌ನ ಮುಕ್ತ ತಂತ್ರಾಂಶ ರೂಪವಾದ ಗ್ನೂ ಮೇಕ್ ವಿಂಡೋಸ್‌ನಲ್ಲಿ ಯುನಿಕ್ಸ್ ಬಗೆಯ ಶೆಲ್ ಸಿಕ್ಕರೆ ಅದನ್ನೂ, ಸಿಗದಿದ್ದರೆ ಸಿಎಂಡಿಯನ್ನೂ ಬಳಸುತ್ತದೆ. ಒಬ್ಬರು ತಮ್ಮ ಯಂತ್ರದಲ್ಲಿ ಬೇರಾವುದೋ ಕಾರಣಕ್ಕೆ ಸ್ಥಾಪಿಸಿದ ತಂತ್ರಾಂಶವೊಂದು ಬಿಲ್ಡಿನ ನಡತೆಯನ್ನೇ ಬದಲಿಸುವುದು ಹೀಗೆ.

ಯಂತ್ರದಿಂದ ಯಂತ್ರಕ್ಕೆ ಕಡತ ದಾಟುವಾಗ ಆಗುವ ಹಾನಿಗಳಲ್ಲಿ ಸಾಲಿನ ಅಂತ್ಯದ್ದು ಅತ್ಯಂತ ಹಳೆಯದು. ಯುನಿಕ್ಸ್ ಪರಂಪರೆ ಸಾಲು ಮುಗಿಯಿತೆಂದು ಸೂಚಿಸಲು 10ನೆಯ ಸಂಖ್ಯೆಯ ಒಂದೇ ಕಾಣದ ಅಕ್ಷರವನ್ನು ಬರೆದರೆ, ವಿಂಡೋಸ್ ಅದಕ್ಕೆ ಮೊದಲು 13ನೆಯ ಸಂಖ್ಯೆಯ ‘ಕ್ಯಾರೇಜ್ ರಿಟರ್ನ್’ ಎಂಬ ಇನ್ನೊಂದನ್ನೂ ಬರೆಯುತ್ತದೆ. ಇದು ಬೆಂಗಳೂರಿನ ಹಳೆಯ ರೈಲು ಹಳಿಗಳ ಕಥೆಯಂತೆಯೇ: 1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ಬಂದ ರೈಲು ಬ್ರಾಡ್ ಗೇಜಿನದು, ಮುಂದಿನ ದಶಕಗಳಲ್ಲಿ ಮೈಸೂರಿನತ್ತ ಹಾಕಿದ ಹಳಿ ಮೀಟರ್ ಗೇಜಿನದು ಆದುದರಿಂದ ಮದರಾಸಿನ ಸರಕನ್ನು ಮೈಸೂರಿಗೆ ಸಾಗಿಸಲು ಬೆಂಗಳೂರಿನಲ್ಲಿ ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಕಡತಗಳೂ ಹಾಗೆಯೇ ಗೇಜು ಬದಲಿಸುವಲ್ಲಿ ಏನನ್ನೋ ಅಂಟಿಸಿಕೊಂಡು ಹೊರಡುತ್ತವೆ. ಯುನಿಕ್ಸ್ ಸ್ಕ್ರಿಪ್ಟಿನ ಮೊದಲ ಸಾಲು ‘#!’ ಎಂದು ಆರಂಭವಾಗಿ ತನ್ನನ್ನು ಓದಬೇಕಾದ ಶೆಲ್ಲಿನ ವಿಳಾಸವನ್ನು ಹೇಳುತ್ತದೆ. ಆ ವಿಳಾಸದ ಕೊನೆಗೆ ಕಾಣದ ಅಕ್ಷರವೊಂದು ಸೇರಿದರೆ, ಲಿನಕ್ಸ್ ಬಾಲವಿರುವ ಬ್ಯಾಶ್ ಎಂಬ ಇಲ್ಲದ ಕಡತವನ್ನು ಹುಡುಕಿ ‘ಅಂಥ ಕಡತವಿಲ್ಲ’ ಎನ್ನುತ್ತದೆ. ಕಣ್ಣೆದುರಿಗಿರುವ ಕಡತವನ್ನೇ ಇಲ್ಲವೆನ್ನುವ ಈ ಸಂದೇಶದಷ್ಟು ಹೊಸಬರನ್ನು ಕಂಗೆಡಿಸುವ ಸಂದೇಶ ಬೇರಿಲ್ಲ. ಗಿಟ್‌ನ ಗುಣಲಕ್ಷಣಗಳ ಕಡತದಲ್ಲಿ ಶೆಲ್ ಸ್ಕ್ರಿಪ್ಟುಗಳಿಗೆ ಯಾವಾಗಲೂ ಯುನಿಕ್ಸ್ ಬಗೆಯ ಸಾಲಿನ ಅಂತ್ಯವನ್ನೇ ಉಳಿಸು ಎಂದು ಒಂದು ಸಾಲು ಬರೆದರೆ, ತಂಡದ ಎಲ್ಲರ ಯಂತ್ರಗಳಲ್ಲೂ ಈ ರೋಗ ತಪ್ಪುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಸೋಲನ್ನು ವರದಿ ಮಾಡುವ ಬಗೆ. ಪ್ರತಿ ಪ್ರೋಗ್ರಾಂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಯಶಸ್ಸು, ಉಳಿದುದೆಲ್ಲ ವೈಫಲ್ಯ. ಬೋರ್ನ್ ಶೆಲ್ಲಿನ ಸಂತತಿ ಈ ಸಂಖ್ಯೆಯನ್ನು ತಾನಾಗಿ ಗಮನಿಸುವುದಿಲ್ಲ: ಐದನೆಯ ಸಾಲು ಸೋತರೂ ಆರನೆಯದಕ್ಕೆ ಹೋಗುತ್ತದೆ. ‘ಸೆಟ್ -ಇ’ ಎಂದು ಆರಂಭದಲ್ಲಿ ಬರೆದರೆ ಮೊದಲ ಸೋಲಿಗೇ ನಿಲ್ಲುತ್ತದೆಯಾದರೂ, ಒಂದರ ಹೊರಹರಿವು ಮುಂದಿನದರ ಒಳಕ್ಕೆ ಹೋಗುವಂತೆ ಆದೇಶಗಳನ್ನು ಪೈಪ್ ಚಿಹ್ನೆಯಿಂದ ಜೋಡಿಸಿದಾಗ ಕೊನೆಯದರ ಸಂಖ್ಯೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಂಪೈಲರಿನ ಹೊರಹರಿವನ್ನು ಪರದೆಗೂ ದಾಖಲೆಗೂ ಒಟ್ಟಿಗೆ ಬರೆಯಲು ಪೈಪ್ ಬಳಸಿದ ಕೂಡಲೇ ಕಂಪೈಲರ್ ಸೋತ ಸುದ್ದಿ ಮುಚ್ಚಿಹೋಗುತ್ತದೆ. ಬ್ಯಾಶ್‌ನಲ್ಲಿ ಬಹುಕಾಲದಿಂದ ಇದ್ದ ‘ಪೈಪ್‌ಫೇಲ್’ ಆಯ್ಕೆ ಇದಕ್ಕೆ ಮದ್ದು. ಅದು ಪೋಸಿಕ್ಸ್ ಮಾನಕದ ಒಳಗೆ ಬಂದದ್ದು 2024ರಲ್ಲಿ. ಗಿಟ್‌ಹಬ್‌ನ ಸ್ವಯಂಚಾಲಿತ ಬಿಲ್ಡ್ ಸೇವೆಯಲ್ಲಿ ಶೆಲ್ಲಿನ ಹೆಸರನ್ನು ಹೇಳದೆ ಬಿಟ್ಟರೆ ಲಿನಕ್ಸ್ ಯಂತ್ರ ಪೈಪ್‌ಫೇಲ್ ಇಲ್ಲದೆ ಬ್ಯಾಶ್ ಓಡಿಸುತ್ತದೆ, ಬ್ಯಾಶ್ ಎಂದು ಸ್ಪಷ್ಟವಾಗಿ ಬರೆದರೆ ಪೈಪ್‌ಫೇಲ್ ಸಹಿತ ಓಡಿಸುತ್ತದೆ, ವಿಂಡೋಸ್ ಯಂತ್ರ ಪವರ್‌ಶೆಲ್ಲನ್ನು ಆರಿಸುತ್ತದೆ ಎಂಬ ವಿವರವನ್ನು ಅರಿಯದೆ ಆ ಸೇವೆಯನ್ನು ನಂಬುವುದು ಸರಿಯಲ್ಲ. ಪವರ್‌ಶೆಲ್ಲಿನಲ್ಲಿ ದೋಷ ಬಂದರೆ ನಿಲ್ಲು ಎಂದು ಹೇಳಿದರೂ ಆ ಮಾತು ಅದರ ಸ್ವಂತ ಆದೇಶಗಳಿಗೆ ಅನ್ವಯವಾಗುತ್ತದೆಯೇ ಹೊರತು ಹೊರಗಿನ ಕಂಪೈಲರಿಗೆ ಹಳೆಯ ಆವೃತ್ತಿಗಳಲ್ಲಿ ಅನ್ವಯವಾಗದು. ಹೊರಗಿನ ಪ್ರೋಗ್ರಾಂ ಬಿಟ್ಟುಹೋದ ಸಂಖ್ಯೆಯನ್ನು ಸ್ಕ್ರಿಪ್ಟ್ ತಾನೇ ನೋಡಬೇಕು. ಸದ್ದಿಲ್ಲದೆ ಗೆದ್ದಂತೆ ತೋರುವ ಬಿಲ್ಡ್ ಗದ್ದಲದಿಂದ ಸೋಲುವ ಬಿಲ್ಡಿಗಿಂತ ಅಪಾಯಕಾರಿ, ಏಕೆಂದರೆ ಅದರ ಪರಿಣಾಮ ಕಾಣುವುದು ತಂಡದ ಕೊಠಡಿಯಲ್ಲಲ್ಲ, ಬಳಕೆದಾರರ ಕೈಯಲ್ಲಿ.

ದೋಷ ಹುಡುಕುವ ಕ್ರಮ ಈ ಎಲ್ಲದರಿಂದ ತಾನಾಗಿ ಹೊರಡುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲು ಹೇಳುವ ಶೆಲ್, ಅದನ್ನು ಕರೆದ ಸಲಕರಣೆ ನಿಜವಾಗಿ ಬಳಸಿದ ಶೆಲ್, ಆ ಶೆಲ್ಲಿನ ಆವೃತ್ತಿ, ಪ್ರೋಗ್ರಾಂಗಳನ್ನು ಹುಡುಕುವ ಕಡತಕೋಶಗಳ ಪಟ್ಟಿಯಾದ ‘ಪಾತ್’ ಚರ, ಇವನ್ನು ಬಿಲ್ಡ್ ಆರಂಭವಾಗುತ್ತಲೇ ದಾಖಲೆಗೆ ಬರೆಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಕಡೆಯದು ವಿಶೇಷವಾಗಿ ಮುಖ್ಯ, ಏಕೆಂದರೆ ಬಳಕೆದಾರರ ಟರ್ಮಿನಲ್ ತೆರೆದಾಗ ಓದುವ ಆರಂಭದ ಕಡತಗಳನ್ನು ಸ್ವಯಂಚಾಲಿತ ಬಿಲ್ಡ್ ಓದುವುದಿಲ್ಲ. ಮನೆಯಲ್ಲಿ ಸಿಗುವ ಪ್ರೋಗ್ರಾಂ ಸರ್ವರಿನಲ್ಲಿ ಸಿಗದಿರುವುದು ಅದರಿಂದ. ‘ಸೆಟ್ -ಎಕ್ಸ್’ ಎಂದರೆ ಶೆಲ್ ಪ್ರತಿ ಆದೇಶವನ್ನೂ ತಾನು ಬಿಡಿಸಿಕೊಂಡ ರೂಪದಲ್ಲಿ ಮುದ್ರಿಸುತ್ತ ಹೋಗುತ್ತದೆ, ಬರೆದವರು ಭಾವಿಸಿದ್ದಕ್ಕೂ ಶೆಲ್ ಓದಿದ್ದಕ್ಕೂ ಇರುವ ಅಂತರ ಅಲ್ಲಿ ಕಣ್ಣಿಗೆ ಬೀಳುತ್ತದೆ. ಶೆಲ್‌ಚೆಕ್ ಎಂಬ ಮುಕ್ತ ತಂತ್ರಾಂಶ ಸ್ಕ್ರಿಪ್ಟನ್ನು ಓಡಿಸದೆಯೇ ಓದಿ, ಬಿಟ್ಟುಹೋದ ಉಲ್ಲೇಖ ಚಿಹ್ನೆಗಳನ್ನೂ ಬ್ಯಾಶ್‌ಗೆ ಮಾತ್ರ ಸೇರಿದ ಬರವಣಿಗೆಯನ್ನೂ ಬೆರಳಿಟ್ಟು ತೋರಿಸುತ್ತದೆ. ಅದನ್ನು ಪ್ರತಿ ಬದಲಾವಣೆಯ ಮೇಲೂ ನಡೆಸುವ ತಂಡಕ್ಕೆ ಮೇಲೆ ಹೇಳಿದ ಕಷ್ಟಗಳ ದೊಡ್ಡ ಪಾಲು ತಟ್ಟುವುದೇ ಇಲ್ಲ. ಸ್ಕ್ರಿಪ್ಟ್ ನೂರಾರು ಸಾಲು ಬೆಳೆದ ಮೇಲೆ ಅದನ್ನು ಪೈಥಾನ್‌ನಂಥ, ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಲ್ಲಿ ಓದಿಸಿಕೊಳ್ಳುವ ಭಾಷೆಗೆ ದಾಟಿಸಿ, ಶೆಲ್‌ಗೆ ನಾಲ್ಕು ಸಾಲು ಮಾತ್ರ ಉಳಿಸುವುದು ಇನ್ನೂ ಮೇಲು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರ ಮೇಲೆ ಒಂದು ಹೆಚ್ಚುವರಿ ಹೊರೆಯಿದೆ. ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ಅದರ ಪ್ರಸ್ತಾಪ ಅಪರೂಪವಾದುದರಿಂದ ಇಲ್ಲಿ ಹೇಳಲೇಬೇಕು. ಕನ್ನಡ ಇಂಟರ್ಫೇಸಿನ ಪದಗಳು, ಫಾಂಟುಗಳು, ಪಠ್ಯಪುಸ್ತಕಗಳು ಇವುಗಳಿಗೂ ಬಿಲ್ಡ್ ಇದೆ, ಅವುಗಳ ಕಡತಗಳ ಹೆಸರು ಕನ್ನಡದಲ್ಲಿರುವುದೂ ಉಂಟು. ಯುನಿಕೋಡ್‌ನ ಯುಟಿಎಫ್-8 ಬರವಣಿಗೆಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು; ಕಣ್ಣಿಗೆ ಮೂರು ಅಕ್ಷರವಾಗಿ ಕಾಣುವ ‘ಕನ್ನಡ’ ಒತ್ತಕ್ಷರದ ಕಾರಣ ಐದು ಸಂಕೇತ, 15 ಬೈಟ್. ಪದದ ಉದ್ದವನ್ನು ಬ್ಯಾಶ್ ಯುಟಿಎಫ್-8 ಪರಿಸರದಲ್ಲಿ ಐದೆಂದು ಎಣಿಸಿದರೆ, ಭಾಷೆ ಗೊತ್ತುಮಾಡದ ಕಂಟೇನರಿನಲ್ಲಿ ಅದೇ ಬ್ಯಾಶ್ 15 ಎಂದು ಎಣಿಸುತ್ತದೆ. ಹೆಸರನ್ನು ನಡುವೆ ಕತ್ತರಿಸುವ ಸ್ಕ್ರಿಪ್ಟ್ ಅಲ್ಲಿ ಅಕ್ಷರವನ್ನೇ ಸೀಳುತ್ತದೆ. ಪದಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಆದೇಶವೂ ಪರಿಸರದ ಭಾಷೆ ಬದಲಾದಂತೆ ಬೇರೆ ಕ್ರಮವನ್ನು ಕೊಡಬಹುದಾದುದರಿಂದ, ಎರಡು ಯಂತ್ರಗಳಲ್ಲಿ ಕಟ್ಟಿದ ಒಂದೇ ಪೊಟ್ಟಣ ಒಂದೇ ಆಗಿರದೆ ಹೋಗಬಹುದು.

ಅತ್ಯಂತ ಕಿರಿಕಿರಿಯ ಸಂಗತಿ ಕಡತದ ತಲೆಯಲ್ಲಿ ಕೂರುವ ಬಿಒಎಂ ಎಂಬ ಮೂರು ಬೈಟಿನ ಕಾಣದ ಗುರುತು. ಕನ್ನಡ ಸಂದೇಶಗಳಿರುವ ಸ್ಕ್ರಿಪ್ಟನ್ನು ಆ ಗುರುತಿಲ್ಲದೆ ಉಳಿಸಿದರೆ ಪವರ್‌ಶೆಲ್ 5.1 ಅದನ್ನು ಹಳೆಯ ಏಕಬೈಟ್ ಬರವಣಿಗೆಯೆಂದು ಓದಿ ಕನ್ನಡವನ್ನು ಕೆಡಿಸುತ್ತದೆ. ಶೆಲ್ ಸ್ಕ್ರಿಪ್ಟಿನಲ್ಲಿ ಆ ಗುರುತು ಇದ್ದರೆ ಲಿನಕ್ಸ್‌ಗೆ ‘#!’ ಮೊದಲ ಎರಡು ಬೈಟಾಗಿ ಕಾಣದೆ ಶೆಲ್ಲಿನ ವಿಳಾಸವೇ ತಪ್ಪುತ್ತದೆ. ಎರಡು ಕಡೆಗೂ ಒಂದೇ ಪಠ್ಯ ಸಂಪಾದಕದಿಂದ ಬರೆಯುವ ತಂಡ ಯಾವ ಆಯ್ಕೆಯನ್ನು ಇಟ್ಟುಕೊಂಡರೂ ಒಂದು ಕಡೆ ಸೋಲುತ್ತದೆ. ಪವರ್‌ಶೆಲ್‌ನ ಹೊಸ ಆವೃತ್ತಿಗಳು ಗುರುತಿಲ್ಲದ ಯುಟಿಎಫ್-8 ಕಡತವನ್ನು ಸರಿಯಾಗಿಯೇ ಓದುತ್ತವೆ, ಆದರೆ ವಿಂಡೋಸ್ ಜೊತೆಗೆ ಇಂದಿಗೂ ಬರುವುದು 5.1. ಆದುದರಿಂದ ಸದ್ಯಕ್ಕೆ ಸ್ಕ್ರಿಪ್ಟಿನ ಒಳಗೆ ಇಂಗ್ಲಿಷ್ ಕೀಲಿಪದಗಳನ್ನಷ್ಟೇ ಇಟ್ಟು, ಕನ್ನಡದ ಎಲ್ಲ ವಾಕ್ಯಗಳನ್ನೂ ಪ್ರತ್ಯೇಕ ಯುಟಿಎಫ್-8 ಪಠ್ಯ ಕಡತದಲ್ಲಿರಿಸಿ, ಅದನ್ನು ಓದುವಾಗ ಬರವಣಿಗೆಯ ಬಗೆಯನ್ನು ಪ್ರತಿ ಶೆಲ್‌ಗೂ ಬಿಡಿಸಿ ಹೇಳುವುದೇ ಎರಡೂ ಕಡೆ ನಿಲ್ಲುವ ದಾರಿ; ಸಿಎಂಡಿಯಲ್ಲಿ ಅದರೊಂದಿಗೆ 65001 ಎಂಬ ಸಂಕೇತಪುಟಕ್ಕೆ ಬದಲಾಯಿಸಿಕೊಳ್ಳಬೇಕು.